ಹಾಸಿಗೆ ಹಿಡಿದ ಸಂಗಾತಿ, ಕೈಹಿಡಿಯದ ಮೆಡಿಕ್ಲೇಮ್: ನಿವೃತ್ತರ ಆರೋಗ್ಯ ವಿಮೆಯ ತಕರಾರು ಹುಟ್ಟುವುದೆಲ್ಲಿ?

ಆರೋಗ್ಯ ವಿಮೆಯ ಬಗ್ಗೆ 2024 ಮತ್ತು 2025ರಲ್ಲಿ ಮೂರು ಸಿಹಿಸುದ್ದಿಗಳು ಬಂದವು. 2024ರ ಏಪ್ರಿಲ್‌ನಿಂದ ಹೊಸ ಪಾಲಿಸಿ ಕೊಳ್ಳಲು ಇದ್ದ 65 ವರ್ಷಗಳ ಮಿತಿ ಹೋಯಿತು. ಅದೇ ವರ್ಷದ ಅಕ್ಟೋಬರ್ 29ರಂದು 70 ವರ್ಷ ತುಂಬಿದ ಎಲ್ಲರಿಗೂ, ಆದಾಯ ನೋಡದೆ, ಆಯುಷ್ಮಾನ್ ಭಾರತ್ ಯೋಜನೆಯಡಿ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವನ್ನು ಕೇಂದ್ರ ಸರ್ಕಾರ ಜಾರಿಗೆ ತಂದಿತು. 2025ರ ಸೆಪ್ಟೆಂಬರ್ 22ರಿಂದ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ ರದ್ದಾಯಿತು.

ಈ ಮೂರನ್ನೂ ಓದಿ ಗೊಂದಲಕ್ಕೆ ಬಿದ್ದವರಲ್ಲಿ ನಿವೃತ್ತ ಬ್ಯಾಂಕ್ ನೌಕರರು ಬಹಳ ಮಂದಿ. ಪಾರ್ಶ್ವವಾಯು, ಪಾರ್ಕಿನ್ಸನ್ಸ್ ಅಥವಾ ಬೆನ್ನುಹುರಿಯ ಪೆಟ್ಟಿನಿಂದ ಅಂಗವೈಕಲ್ಯಕ್ಕೆ ಒಳಗಾದ ಸಂಗಾತಿ ಮನೆಯಲ್ಲಿದ್ದರಂತೂ ಅವರ ಪ್ರಶ್ನೆ ಇನ್ನೂ ತೀಕ್ಷ್ಣ. ತೆರಿಗೆ ಹೋದ ಮೇಲೂ ನಮ್ಮ ಕಂತು ಏಕೆ ಇಳಿಯಲಿಲ್ಲ? ವಯಸ್ಸಿನ ಮಿತಿ ಇಲ್ಲವೆಂದ ಮೇಲೂ ಕಂಪನಿ ನನ್ನ ಹೆಂಡತಿಯ ಅರ್ಜಿಯನ್ನು ಏಕೆ ತಿರಸ್ಕರಿಸಿತು? ಕಂತು ಕಟ್ಟುತ್ತಲೇ ಬಂದಿದ್ದರೂ ಬಿಲ್ಲಿನ ಅರ್ಧ ಹಣ ಏಕೆ ಬರಲಿಲ್ಲ?

ಮೇಲ್ನೋಟಕ್ಕೆ ಇವು ಬೇರೆ ಬೇರೆ ತಕರಾರುಗಳು. ಬೇರು ಹುಡುಕುತ್ತಾ ಹೋದರೆ ಎರಡೇ ಸಂಗತಿಗಳಿಗೆ ಬಂದು ನಿಲ್ಲುತ್ತೇವೆ. ಒಂದು, ಸಂಗಾತಿಯ ವಿಮೆ ಅವರ ಸ್ವಂತ ಹಕ್ಕಾಗಿಲ್ಲ, ನೌಕರಿ ಮಾಡಿದವರ ಹೆಸರಿಗೆ ಅಂಟಿಕೊಂಡಿದೆ. ಎರಡು, ನಮ್ಮ ಮೆಡಿಕ್ಲೇಮ್ ಪಾಲಿಸಿಗಳು ಕಾಯಿಲೆ ಬಂದು ಆಸ್ಪತ್ರೆ ಸೇರಿ ಗುಣವಾಗಿ ಮನೆಗೆ ಬರುವವರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದವು. ಗುಣವಾಗದೆ ಬದುಕುವವರಿಗೆ ಅವುಗಳಲ್ಲಿ ಜಾಗವೇ ಕಡಿಮೆ.

ಸಿಹಿಸುದ್ದಿ ದಾರಿ ತಪ್ಪಿದ್ದು ಎಲ್ಲಿ?

ಮೊದಲು ಜಿಎಸ್‌ಟಿ. ವಿನಾಯಿತಿ ಸಿಕ್ಕಿದ್ದು ವೈಯಕ್ತಿಕ ಪಾಲಿಸಿಗಳಿಗೆ. ಇಡೀ ಕುಟುಂಬಕ್ಕೆ ಒಂದೇ ಮೊತ್ತದ ರಕ್ಷಣೆ ಕೊಡುವ ಫ್ಲೋಟರ್ ಪಾಲಿಸಿ, ಹಿರಿಯ ನಾಗರಿಕರ ಪಾಲಿಸಿಗಳೂ ಅದರಲ್ಲಿ ಸೇರಿವೆ. ಗುಂಪು ವಿಮೆಯನ್ನು ಮಾತ್ರ ಹೊರಗಿಟ್ಟರು. ಉದ್ಯೋಗದಾತ ಸಂಸ್ಥೆ ಕಂತು ಕಟ್ಟುವ ಗುಂಪು ವಿಮೆಯ ಮಟ್ಟಿಗೆ ಇದಕ್ಕೆ ಏನೋ ಒಂದು ಅರ್ಥವಿದೆ ಎನ್ನೋಣ. ಆದರೆ ನಿವೃತ್ತ ಬ್ಯಾಂಕ್ ನೌಕರರ ಪಾಲಿಸಿ ಹೆಸರಿಗಷ್ಟೇ ಗುಂಪಿನದು. ಬ್ಯಾಂಕುಗಳು ಮತ್ತು ನೌಕರ ಸಂಘಟನೆಗಳ ನಡುವಿನ 2015ರ ಒಪ್ಪಂದದ ಪ್ರಕಾರ ಕಂತಿನ ಹೊಣೆ ಪಿಂಚಣಿದಾರರದೇ. ಕಂತು 40,000 ರೂಪಾಯಿ ಎಂದಿಟ್ಟುಕೊಂಡರೆ ತೆರಿಗೆಯೇ 7,200 ರೂಪಾಯಿ. ಪಕ್ಕದ ಮನೆಯವರು ಸ್ವಂತವಾಗಿ ಕೊಂಡ ಪಾಲಿಸಿಗೆ ಈ ಹೊರೆ ಇಲ್ಲ. ಇದನ್ನು ಸಮರ್ಥಿಸಲು ಒಪ್ಪುವಂತಹ ಕಾರಣ ಕಾಣುವುದಿಲ್ಲ.

ಇನ್ನು ವಯಸ್ಸಿನ ಮಿತಿ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ತೆಗೆದುಹಾಕಿದ್ದು ಹಳೆಯ ನಿಯಮದಲ್ಲಿದ್ದ 65ರ ಗೆರೆಯನ್ನು. ಅರ್ಜಿದಾರರ ಆರೋಗ್ಯ ನೋಡಿ ಪಾಲಿಸಿ ಕೊಡುವ, ಹೆಚ್ಚುವರಿ ಕಂತು ಕೇಳುವ ಅಥವಾ ನಿರಾಕರಿಸುವ ಅಧಿಕಾರ ಕಂಪನಿಗಳ ಬಳಿಯೇ ಉಳಿಯಿತು. ಆದ್ದರಿಂದ 68 ವರ್ಷದ ಆರೋಗ್ಯವಂತರಿಗೆ ತೆರೆದ ಬಾಗಿಲು, ಅದೇ ವಯಸ್ಸಿನ ಲಕ್ವ ಹೊಡೆದವರಿಗೆ ತೆರೆಯುತ್ತದೆ ಎಂಬ ಖಾತರಿ ಇಲ್ಲ.

ಆಯುಷ್ಮಾನ್ ಯೋಜನೆಯ ಲೆಕ್ಕವೂ ವ್ಯಕ್ತಿಯ ವಯಸ್ಸಿನದು. ಗಂಡನಿಗೆ 72, ಹೆಂಡತಿಗೆ 65 ಆಗಿದ್ದರೆ ಕಾರ್ಡು ಸಿಗುವುದು ಗಂಡನಿಗೆ ಮಾತ್ರ. ಅಂಗವೈಕಲ್ಯ ಇದೆ ಎಂಬ ಕಾರಣಕ್ಕೆ ವಯಸ್ಸಿನಲ್ಲಿ ಸಡಿಲಿಕೆ ಇಲ್ಲ. ಆಸ್ಪತ್ರೆಯ ಅಗತ್ಯ ಹೆಚ್ಚಿರುವವರು ಇನ್ನೂ ಐದು ವರ್ಷ ಕಾಯಬೇಕು.

2015ರ ಒಪ್ಪಂದ

ಈ ವಿಷಯಕ್ಕೂ ಕರ್ನಾಟಕಕ್ಕೂ ಹತ್ತಿರದ ನಂಟಿದೆ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಈ ನಾಲ್ಕೂ ಬ್ಯಾಂಕುಗಳು ಹುಟ್ಟಿದ್ದು ಕರಾವಳಿಯಲ್ಲಿ. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಂದಿಗೆ, 2020ರಲ್ಲಿ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಂದಿಗೆ, ಸಿಂಡಿಕೇಟ್ ಕೆನರಾದೊಂದಿಗೆ ವಿಲೀನಗೊಂಡವು. ಬ್ಯಾಂಕಿನ ಫಲಕ ಬದಲಾದರೂ ಪಿಂಚಣಿದಾರರು ಉಡುಪಿ, ಮಂಗಳೂರು, ಬೆಂಗಳೂರು, ಹುಬ್ಬಳ್ಳಿಗಳಲ್ಲೇ ಇದ್ದಾರೆ.

2015ರ ಮೇ 25ರಂದು ಬ್ಯಾಂಕುಗಳ ಒಕ್ಕೂಟವಾದ ಐಬಿಎ ಮತ್ತು ನೌಕರ ಸಂಘಟನೆಗಳ ನಡುವೆ ಹತ್ತನೆಯ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಫಲವಾಗಿ ಗುಂಪು ವೈದ್ಯಕೀಯ ವಿಮೆ ಬಂತು. ಅಧಿಕಾರಿಗಳ ಕುಟುಂಬಕ್ಕೆ 4 ಲಕ್ಷ, ಇತರ ನೌಕರರ ಕುಟುಂಬಕ್ಕೆ 3 ಲಕ್ಷ ರೂಪಾಯಿ. ಸೇವೆಯಲ್ಲಿರುವವರ ಕಂತನ್ನು ಬ್ಯಾಂಕು ಕಟ್ಟುತ್ತದೆ. ನಿವೃತ್ತರು ತಮಗೂ ಸಂಗಾತಿಗೂ ತಾವೇ ಕಟ್ಟಿಕೊಂಡು ಸೇರಬಹುದು. ಮೊದಲ ವರ್ಷದ ಕಂತು ತೆರಿಗೆ ಸೇರಿಯೂ ಹತ್ತು ಸಾವಿರದೊಳಗೆ ಇತ್ತು. ಮೊದಲೇ ಇದ್ದ ಕಾಯಿಲೆಗೂ ರಕ್ಷಣೆ ಇತ್ತು. ಕಾಯುವ ಅವಧಿಯ ತೊಡಕಿರಲಿಲ್ಲ. ಪಾರ್ಶ್ವವಾಯು, ಪಾರ್ಕಿನ್ಸನ್ಸ್‌ನಂತಹ ಪಟ್ಟಿ ಮಾಡಿದ ಕಾಯಿಲೆಗಳಿಗೆ ಮನೆಯಲ್ಲೇ ತೆಗೆದುಕೊಳ್ಳುವ ಔಷಧೋಪಚಾರದ ವೆಚ್ಚವೂ ಸಿಗುತ್ತಿತ್ತು.

ಹೊರಗಿನ ಮಾರುಕಟ್ಟೆಯಲ್ಲಿ ಯಾವ ಕಂಪನಿಯೂ ಒಪ್ಪದ ಸಂಗಾತಿಗೆ ಇದು ನಿಜಕ್ಕೂ ದೊಡ್ಡ ಆಸರೆಯಾಗಿತ್ತು. ಇಂದಿನ ಅಸಮಾಧಾನದ ನಡುವೆ ಆ ಒಪ್ಪಂದದ ಬೆಲೆಯನ್ನು ಮರೆಯಬಾರದು.

ಕಂತು ಏರಿದ್ದು ಹೇಗೆ?

ವಿಮೆ ನಡೆಯುವುದೇ ಆರೋಗ್ಯವಂತರ ಹಣ ಕಾಯಿಲೆಯವರಿಗೆ ಹರಿದುಬರುವುದರಿಂದ. ಸೇವೆಯಲ್ಲಿರುವ ಮೂವತ್ತರ ಹರೆಯದ ಗುಮಾಸ್ತರೂ ಎಪ್ಪತ್ತರ ಪಿಂಚಣಿದಾರರೂ ಒಂದೇ ಗುಂಪಿನಲ್ಲಿದ್ದರೆ ಹೊರೆ ಹಂಚಿಹೋಗುತ್ತದೆ. ಆದರೆ ಕೆಲವೇ ವರ್ಷಗಳಲ್ಲಿ ಇಬ್ಬರ ಕಂತಿನ ದರವೂ ಬೇರೆಯಾಯಿತು, ನಿವೃತ್ತರ ಗುಂಪು ಪ್ರತ್ಯೇಕವಾಯಿತು. ಅಲ್ಲಿಂದ ಮುಂದಿನದು ಊಹಿಸಬಹುದಾದ ಸರಪಳಿ.

ವಯಸ್ಸಾದವರೇ ತುಂಬಿದ ಗುಂಪಿನಲ್ಲಿ ಕ್ಲೇಮ್ ಹೆಚ್ಚು. ಕ್ಲೇಮ್ ಹೆಚ್ಚಾದ್ದರಿಂದ ಮುಂದಿನ ವರ್ಷದ ಕಂತು ಹೆಚ್ಚು. ಕಂತು ಏರಿದಾಗ, ಗಟ್ಟಿಮುಟ್ಟಾಗಿರುವ ದಂಪತಿ ಬೇರೆ ಕಂಪನಿಯ ಪಾಲಿಸಿಗೆ ಹೋಗುತ್ತಾರೆ ಅಥವಾ ವಿಮೆಯೇ ಬೇಡವೆಂದು ಬಿಡುತ್ತಾರೆ. ಉಳಿಯುವವರು ಬೇರೆಡೆ ಹೋಗಲಾರದವರು. ಗುಂಪಿನ ಸರಾಸರಿ ಆರೋಗ್ಯ ಇನ್ನಷ್ಟು ಕುಸಿಯುತ್ತದೆ, ಕಂತು ಮತ್ತೆ ಏರುತ್ತದೆ. ಅಂಗವಿಕಲ ಸಂಗಾತಿ ಇರುವ ಮನೆಯವರು ಈ ಸುಳಿಯಿಂದ ಕೊನೆಯವರೆಗೂ ಹೊರಬರಲಾರರು, ಏಕೆಂದರೆ ಅವರಿಗೆ ಹೋಗಲು ಇನ್ನೊಂದು ಜಾಗವಿಲ್ಲ. ಒಮ್ಮೆ ಬಿಟ್ಟರೆ ಮತ್ತೆ ಸೇರುವುದೂ ಸುಲಭವಿಲ್ಲ.

ಕಂತು ತಗ್ಗಿಸಲು ಹುಡುಕಿದ ಉಪಾಯಗಳೂ ಇವರಿಗೇ ಮುಳುವಾದವು. ಮನೆಯ ಔಷಧೋಪಚಾರದ ಸೌಲಭ್ಯವನ್ನು ಮೂಲ ಪಾಲಿಸಿಯಿಂದ ಬಿಡಿಸಿ, ಬೇಕಾದವರು ಹೆಚ್ಚು ಹಣ ಕೊಟ್ಟು ಪಡೆಯುವ ಆಯ್ಕೆಯಾಗಿ ಮಾಡಲಾಯಿತು. ಯಾರು ಅದನ್ನು ಆರಿಸಿಕೊಳ್ಳುತ್ತಾರೆ? ತಿಂಗಳು ತಿಂಗಳು ಔಷಧ ಬೇಕಾದವರು ಮಾತ್ರ. ಹಾಗಾಗಿ ಆ ಆಯ್ಕೆಯ ಬೆಲೆ ದುಬಾರಿಯಾಗದೆ ಬೇರೆ ದಾರಿಯೇ ಇರಲಿಲ್ಲ.

ಇನ್ನೊಂದು ಕಡೆ ಆದಾಯ ನಿಂತಲ್ಲೇ ನಿಂತಿದೆ. ಬ್ಯಾಂಕ್ ಪಿಂಚಣಿಯಲ್ಲಿ ತುಟ್ಟಿಭತ್ಯೆ ಏರುತ್ತದೆ, ಆದರೆ ನಿವೃತ್ತಿಯ ದಿನದ ಮೂಲ ಪಿಂಚಣಿ ಪ್ರತಿ ವೇತನ ಒಪ್ಪಂದದೊಂದಿಗೆ ಪರಿಷ್ಕರಣೆಯಾಗುವುದಿಲ್ಲ. 2002ರಲ್ಲಿ ನಿವೃತ್ತರಾದವರ ಮೂಲ ಪಿಂಚಣಿ 2002ರ ಸಂಬಳವನ್ನೇ ಅವಲಂಬಿಸಿದೆ; ಕಂತು ಮಾತ್ರ ಈ ವರ್ಷದ ಆಸ್ಪತ್ರೆ ದರವನ್ನು ಅವಲಂಬಿಸಿದೆ.

ಬಿಲ್ಲಿನಲ್ಲಿ ಕಳೆದುಹೋಗುವ ಹಣ

ಕಂತು ಕಟ್ಟಿದ್ದಾಯಿತು, ಆಸ್ಪತ್ರೆ ಸೇರಿದ್ದೂ ಆಯಿತು ಎನ್ನೋಣ. ಪಾರ್ಶ್ವವಾಯುವಿನಿಂದ ಬಲಭಾಗ ಸ್ವಾಧೀನ ಕಳೆದುಕೊಂಡ 66 ವರ್ಷದ ಮಹಿಳೆಯೊಬ್ಬರು ಮೂತ್ರನಾಳದ ಸೋಂಕು, ಜ್ವರದಿಂದ ದಾಖಲಾಗಿದ್ದಾರೆ ಎಂದು ಭಾವಿಸಿ. ತಕರಾರು ಎಲ್ಲೆಲ್ಲಿ ಹುಟ್ಟುತ್ತದೆ ಎಂಬುದನ್ನು ಬಿಲ್ಲಿನ ಸಾಲುಗಳಲ್ಲೇ ನೋಡಬಹುದು.

ಮೊದಲನೆಯದು ಕೋಣೆ. 2015ರ ಯೋಜನೆಯಲ್ಲಿ ಕೋಣೆ ಬಾಡಿಗೆಗೆ ದಿನಕ್ಕೆ 5,000, ಐಸಿಯುಗೆ 7,500 ರೂಪಾಯಿ ಮಿತಿ ಇತ್ತು. ಹೊರಳಲೂ ಇನ್ನೊಬ್ಬರ ನೆರವು ಬೇಕಾದವರಿಗೆ ಗಾಲಿಕುರ್ಚಿ ತಿರುಗುವಷ್ಟು ಜಾಗ, ಜೊತೆಗಿರುವವರಿಗೆ ಮಲಗಲು ವ್ಯವಸ್ಥೆ ಬೇಕು. ಆದ್ದರಿಂದ ಮನೆಯವರು 8,000 ರೂಪಾಯಿಯ ಒಂಟಿ ಕೋಣೆ ಹಿಡಿಯುತ್ತಾರೆ. ಕಡಿತವಾಗುವುದು ದಿನಕ್ಕೆ 3,000 ಮಾತ್ರ ಎಂದು ಅವರ ಎಣಿಕೆ. ಆದರೆ ಪ್ರಮಾಣಾನುಗುಣ ಕಡಿತದ ಷರತ್ತು ಇರುವ ಪಾಲಿಸಿಯಲ್ಲಿ, ಕೋಣೆಯ ದರ್ಜೆಗೆ ತಕ್ಕಂತೆ ಬದಲಾಗುವ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ ಮುಂತಾದ ವೆಚ್ಚಗಳೂ ಅದೇ ಅನುಪಾತದಲ್ಲಿ ಇಳಿಯುತ್ತವೆ. ಎಂಟರಲ್ಲಿ ಐದು ಭಾಗ, ಅಂದರೆ ಶೇ 62.5. ಅಂತಹ ವೆಚ್ಚ 2 ಲಕ್ಷವಿದ್ದರೆ ಸಿಗುವುದು 1.25 ಲಕ್ಷ. ಔಷಧ, ದೇಹದೊಳಗೆ ಅಳವಡಿಸುವ ಸಾಧನ, ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ವೆಚ್ಚಕ್ಕೆ ಈ ಕಡಿತ ಅನ್ವಯಿಸಬಾರದು ಎಂದು ಐಆರ್‌ಡಿಎಐ ಹೇಳಿದೆ. ಬಿಲ್ ಇತ್ಯರ್ಥದ ಹಾಳೆಯಲ್ಲಿ ಇದನ್ನು ಪರಿಶೀಲಿಸಲೇಬೇಕು.

ಎರಡನೆಯದು ‘ಪಾವತಿಸಲಾಗದ ವಸ್ತುಗಳು’. ಪಾಲಿಸಿಯಲ್ಲಿ ಬೇರೆ ಹೇಳದಿದ್ದರೆ ಕಂಪನಿ ಕೊಡಬೇಕಿಲ್ಲದ 68 ವಸ್ತು, ಸೇವೆಗಳ ಪಟ್ಟಿಯೊಂದಿದೆ. ಬಹುತೇಕ ಪಾಲಿಸಿಗಳಿಗೆ ಅದು ಅನುಬಂಧವಾಗಿ ಅಂಟಿಕೊಂಡಿರುತ್ತದೆ. ಯಾವುದೇ ಬಗೆಯ ಡೈಪರ್, ಗಾಳಿಹಾಸಿಗೆ ಅಥವಾ ನೀರುಹಾಸಿಗೆಯ ಬಾಡಿಗೆ, ಸಹಾಯಕರ ಶುಲ್ಕ, ಖಾಸಗಿ ನರ್ಸ್ ಶುಲ್ಕ, ನಡೆಯಲು ನೆರವಾಗುವ ಸಾಧನಗಳು, ಆಸ್ಪತ್ರೆಯ ಹೊರಗೆ ಬಳಸುವ ಆಮ್ಲಜನಕದ ಸಿಲಿಂಡರ್ ಎಲ್ಲವೂ ಅದರಲ್ಲಿವೆ. ನಾಲ್ಕು ದಿನ ಮಲಗಿ ಏಳುವ ರೋಗಿಗೆ ಇವು ಚಿಲ್ಲರೆ ಖರ್ಚು. ಹಾಸಿಗೆ ಹಿಡಿದವರಿಗೆ ಗಾಳಿಹಾಸಿಗೆ ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ, ಹುಣ್ಣಿಗೆ ಸೋಂಕು ತಗಲುತ್ತದೆ, ಮತ್ತೆ ಆಸ್ಪತ್ರೆಗೆ ದಾಖಲಾಗಬೇಕಾಗುತ್ತದೆ. ಹಾಸಿಗೆಯ ಬಾಡಿಗೆ ಕೊಡಲೊಲ್ಲದ ಅದೇ ಪಾಲಿಸಿ, ಹುಣ್ಣಿನ ಚಿಕಿತ್ಸೆಗೆ ಅದರ ಹತ್ತಾರು ಪಟ್ಟು ಹಣ ಕೊಡುತ್ತದೆ.

ಮೂರನೆಯದು ಎಲ್ಲಕ್ಕಿಂತ ಗಂಭೀರ. 2019ರಲ್ಲಿ ಐಆರ್‌ಡಿಎಐ ಪಾಲಿಸಿಗಳಲ್ಲಿನ ಹೊರಗಿಡುವ ಷರತ್ತುಗಳಿಗೆ ಏಕರೂಪದ ಭಾಷೆ, ಸಂಕೇತ ಸಂಖ್ಯೆ ಕೊಟ್ಟಿತು. ಅದರ ಐದನೆಯ ಸಂಕೇತ ವಿಶ್ರಾಂತಿ ಚಿಕಿತ್ಸೆ, ಪುನಶ್ಚೇತನ ಮತ್ತು ಆರೈಕೆಗೆ ಸಂಬಂಧಿಸಿದ್ದು. ಸ್ನಾನ, ಬಟ್ಟೆ ತೊಡುವುದು, ಓಡಾಟದಂತಹ ದಿನನಿತ್ಯದ ಕೆಲಸಗಳಿಗೆ ಮನೆಯಲ್ಲಾಗಲಿ ಶುಶ್ರೂಷಾ ಕೇಂದ್ರದಲ್ಲಾಗಲಿ ಕೊಡುವ ನೆರವು ಇದರಡಿ ಹೊರಗುಳಿಯುತ್ತದೆ. ತರಬೇತಿ ಪಡೆದ ನರ್ಸ್ ಕೊಟ್ಟರೂ ಅಷ್ಟೇ. ನಾಲ್ಕನೆಯ ಸಂಕೇತ, ಕೇವಲ ತಪಾಸಣೆಗಾಗಿ ದಾಖಲಾಗುವುದನ್ನು ಹೊರಗಿಡುತ್ತದೆ. ಕ್ಲೇಮ್ ಪರಿಶೀಲಿಸುವ ಟಿಪಿಎ ಸಂಸ್ಥೆಗಳು ಅಂಗವಿಕಲ ರೋಗಿಯ ಕಡತ ನೋಡುವಾಗ ಈ ಎರಡು ಸಂಕೇತಗಳು ಬಹುಬೇಗ ಕೈಗೆ ಸಿಗುತ್ತವೆ. ಸೋಂಕು ಮೂರು ದಿನಕ್ಕೆ ಹಿಡಿತಕ್ಕೆ ಬಂತು, ಉಳಿದ ಐದು ದಿನ ಆರೈಕೆಗಾಗಿ ಇರಿಸಿಕೊಂಡದ್ದು ಎಂಬ ಟಿಪ್ಪಣಿ ಬೀಳುತ್ತದೆ. ನುಂಗಲು ಕಷ್ಟವಿರುವ, ಎದ್ದು ಕೂರಲಾಗದ ರೋಗಿ ಚೇತರಿಸಿಕೊಳ್ಳಲು ಇತರರಿಗಿಂತ ಹೆಚ್ಚು ದಿನ ಬೇಕು ಎಂಬ ವೈದ್ಯಕೀಯ ಸತ್ಯ ಆ ಟಿಪ್ಪಣಿಯಲ್ಲಿ ಕಾಣಿಸುವುದಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಸಾಕ್ಷಿ, ಚಿಕಿತ್ಸೆ ನೀಡಿದ ವೈದ್ಯರು ದಿನದಿನದ ಕೇಸ್ ಶೀಟಿನಲ್ಲಿ ಬರೆದ ಕಾರಣ. ರಕ್ತನಾಳದ ಮೂಲಕ ಕೊಟ್ಟ ಪ್ರತಿಜೀವಕ ಎಷ್ಟನೆಯ ದಿನದವರೆಗೆ, ನಳಿಕೆಯಲ್ಲಿ ಆಹಾರ ಏಕೆ, ಡಿಸ್ಚಾರ್ಜ್ ತಡವಾದದ್ದೇಕೆ ಎಂಬುದು ಅಲ್ಲಿರಬೇಕು. ಡಿಸ್ಚಾರ್ಜ್ ಸಾರಾಂಶದಲ್ಲಿ ‘ಹಳೆಯ ಪಾರ್ಶ್ವವಾಯು, ಫಿಸಿಯೋಥೆರಪಿ ಮುಂದುವರಿಸಲಾಗಿದೆ’ ಎಂದಷ್ಟೇ ಇದ್ದರೆ ಕ್ಲೇಮ್ ಅರ್ಧ ಸೋತಂತೆ.

ಯಾರ ವಾದ ಏನು?

ಲಾಭಕ್ಕಾಗಿ ಹೀಗೆ ಮಾಡುತ್ತಿಲ್ಲ, ಈ ಗುಂಪಿನಿಂದ ಬರುವ ಕಂತಿಗೆ ಹೋಲಿಸಿದರೆ ಕೊಡುವ ಕ್ಲೇಮೇ ದೊಡ್ಡದು ಎನ್ನುವುದು ವಿಮಾ ಕಂಪನಿಗಳ ವಾದ. ವೃದ್ಧರಷ್ಟೇ ಇರುವ ಗುಂಪಿನಲ್ಲಿ ಇದು ಅಸಹಜವೇನಲ್ಲ. ದೈನಂದಿನ ಆರೈಕೆಯನ್ನೂ ಸೇರಿಸಿದರೆ ವೆಚ್ಚಕ್ಕೆ ಕೊನೆಯೇ ಇರುವುದಿಲ್ಲ ಎಂಬ ಅವರ ಆತಂಕದಲ್ಲೂ ಹುರುಳಿದೆ.

ಒಪ್ಪಂದದಲ್ಲೇ ನಿವೃತ್ತರು ಸ್ವಂತ ಖರ್ಚಿನಲ್ಲಿ ಸೇರಬೇಕು ಎಂದಿದೆ, ಹೆಚ್ಚಿನದೇನಾದರೂ ಕೊಟ್ಟರೆ ಅದು ಔದಾರ್ಯ ಎಂಬುದು ಬ್ಯಾಂಕ್ ಆಡಳಿತಗಳ ನಿಲುವು. ನಿವೃತ್ತರ ಸಂಘಟನೆಗಳು ಇದನ್ನು ಒಪ್ಪುವುದಿಲ್ಲ. ನಿವೃತ್ತಿಯ ನಂತರದ ಆರೋಗ್ಯ ರಕ್ಷಣೆಯು ಸೇವಾವಧಿಯಲ್ಲಿ ದುಡಿದ ಸಂಬಳದ ಮುಂದೂಡಿದ ಭಾಗ, ಹಾಗಾಗಿ ಕಂತನ್ನು ಬ್ಯಾಂಕೇ ಭರಿಸಬೇಕು ಅಥವಾ ಸೇವೆಯಲ್ಲಿರುವವರು ಮತ್ತು ನಿವೃತ್ತರು ಒಂದೇ ಗುಂಪಿನಲ್ಲಿರಬೇಕು ಎಂಬುದು ಅವರ ಬೇಡಿಕೆ. ಸೇವೆಯಲ್ಲಿರುವವರ ಕಂತು ಏರುತ್ತದೆ ಎಂಬ ಹಿಂಜರಿಕೆ ಇಲ್ಲಿ ಅಡ್ಡಬರುತ್ತದೆ. ಆದರೆ ಇಂದಿನ ನೌಕರರೇ ನಾಳೆಯ ನಿವೃತ್ತರು. ಮೂವತ್ತು ವರ್ಷ ಸಣ್ಣ ಮೊತ್ತವನ್ನು ಹೆಚ್ಚುವರಿಯಾಗಿ ಹಂಚಿಕೊಳ್ಳುವುದು, ಎಪ್ಪತ್ತರಲ್ಲಿ ಒಮ್ಮೆಲೇ ದೊಡ್ಡ ಮೊತ್ತ ಎದುರಿಸುವುದಕ್ಕಿಂತ ಎಲ್ಲ ಲೆಕ್ಕದಲ್ಲೂ ಲೇಸು. ಈ ವಿಷಯದಲ್ಲಿ ನಿವೃತ್ತರ ವಾದವೇ ಸರಿ.

ಕಾನೂನಿನ ನೆರವು ಎಲ್ಲಿಯವರೆಗೆ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಅದರಲ್ಲಿವೆ. ಪಾರ್ಶ್ವವಾಯುವಿನಿಂದ ಉಂಟಾದ ಚಲನವೈಕಲ್ಯವೂ ಒಳಗೆ ಬರಬಹುದು. ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಕೂಡದು ಎನ್ನುತ್ತದೆ ಮೂರನೆಯ ಕಲಂ. ಆದರೆ ನ್ಯಾಯಸಮ್ಮತ ಉದ್ದೇಶಕ್ಕೆ ತಕ್ಕ ಪ್ರಮಾಣದ ಕ್ರಮವಾದರೆ ವಿನಾಯಿತಿ ಉಂಟು. ವಿಮಾ ಕಂಪನಿಗಳು ಆಶ್ರಯಿಸುವುದು ಈ ವಿನಾಯಿತಿಯನ್ನು.

2022ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಮಹತ್ವದ ತೀರ್ಪು ಕೊಟ್ಟಿತು. ಬೆನ್ನುಹುರಿಯ ಗಾಯದಿಂದ ಗಾಲಿಕುರ್ಚಿ ಅವಲಂಬಿಸಿದ್ದ ವ್ಯಕ್ತಿಗೆ ಪಾಲಿಸಿ ನಿರಾಕರಿಸಿದ ಪ್ರಕರಣದಲ್ಲಿ, ಜೀವಿಸುವ ಹಕ್ಕಿನಲ್ಲಿ ಆರೋಗ್ಯದ ಹಕ್ಕೂ ಸೇರಿದೆ, ಅಂಗವಿಕಲರಿಗೆ ತಕ್ಕ ಪಾಲಿಸಿಗಳು ಇರಲೇಬೇಕು ಎಂದಿತು. 2023ರ ಫೆಬ್ರುವರಿ 27ರಂದು ಐಆರ್‌ಡಿಎಐ ಸಾಮಾನ್ಯ ವಿಮಾ ಮತ್ತು ಆರೋಗ್ಯ ವಿಮಾ ಕಂಪನಿಗಳಿಗೆ ಅಂತಹ ಪಾಲಿಸಿಯನ್ನು ಮಾರುಕಟ್ಟೆಗೆ ತರಲು ಆದೇಶಿಸಿತು. ನಿವೃತ್ತರ ಅಂಗವಿಕಲ ಸಂಗಾತಿಗೆ ಸ್ವತಂತ್ರ ಪಾಲಿಸಿ ಹುಡುಕುವವರು ಮೊದಲು ಕೇಳಬೇಕಾದದ್ದು ಇದನ್ನೇ. ವಯಸ್ಸಾದವರಿಗೆ ಅದರ ಕಂತು, ಮಿತಿಗಳು ಬೇರೆಯೇ ಪ್ರಶ್ನೆ.

ಸರ್ಕಾರಿ ಯೋಜನೆಗಳಲ್ಲಿ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ವಿಮೆ 1 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯಗಳಿಗೆ ಸೀಮಿತ. 2015ರಲ್ಲಿ ವರ್ಷಕ್ಕೆ 357 ರೂಪಾಯಿ ಕಂತಿನಲ್ಲಿ ಆರಂಭವಾದ ‘ಸ್ವಾವಲಂಬನ್’ ವಿಮೆ 65 ವರ್ಷದೊಳಗಿನವರಿಗೆ, ವಾರ್ಷಿಕ ಆದಾಯ 3 ಲಕ್ಷದೊಳಗಿನ ಕುಟುಂಬಗಳಿಗೆ ಇತ್ತು; ಮುಂದೆ ಅದೂ ನಿಂತುಹೋಯಿತು.

ಕ್ಲೇಮ್ ತಕರಾರಿನ ಮಟ್ಟಿಗೆ ದಾರಿಗಳು ಸ್ಪಷ್ಟವಾಗಿವೆ. ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು ಐಆರ್‌ಡಿಎಐಯ 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ತಿರಸ್ಕಾರದ ಪತ್ರದಲ್ಲಿ ಯಾವ ಷರತ್ತಿನಡಿ ಎಂಬುದನ್ನು ಕೇಳಿ ಪಡೆಯಬೇಕು. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಉತ್ತರ ತೃಪ್ತಿ ಕೊಡದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಗುಂಪು ವಿಮೆಯ ಸದಸ್ಯರಿಗೂ ಅವಕಾಶವಿದೆ, 50 ಲಕ್ಷ ರೂಪಾಯಿವರೆಗೆ ಪರಿಹಾರ ಆದೇಶಿಸಬಹುದು. ಆದೇಶವನ್ನು 30 ದಿನಗಳಲ್ಲಿ ಪಾಲಿಸದ ಕಂಪನಿ ದಿನಕ್ಕೆ 5,000 ರೂಪಾಯಿ ದಂಡವನ್ನು ದೂರುದಾರರಿಗೆ ಕೊಡಬೇಕು. ಅದರಾಚೆಗೆ ಗ್ರಾಹಕ ಆಯೋಗವಿದೆ.

ಈ ಎಲ್ಲ ಕಟ್ಟೆಗಳೂ ಪಾಲಿಸಿಯಲ್ಲಿ ಬರೆದ ಮಾತನ್ನು ಕಂಪನಿ ಪಾಲಿಸಿದೆಯೇ ಎಂದು ನೋಡುತ್ತವೆ. ಬರೆದ ಮಾತೇ ಅಂಗವಿಕಲರಿಗೆ ಅನ್ಯಾಯ ಮಾಡುವಂತಿದ್ದರೆ ಅವುಗಳ ಕೈ ಕಟ್ಟಿರುತ್ತದೆ.

ಪಿಂಚಣಿದಾರರು ತೀರಿಕೊಂಡ ಮೇಲೆ

ಮಾತುಕತೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಕೇಳಿಬರುವುದು ಈ ಹಂತದ ಬಗ್ಗೆ, ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದೂ ಇಲ್ಲಿಯೇ. ಪಿಂಚಣಿದಾರರು ತೀರಿಕೊಂಡರೆ ಸಂಗಾತಿ ವಿಮೆಯಲ್ಲಿ ಮುಂದುವರಿಯಬಹುದು. ಆದರೆ ಅದು ತಾನಾಗಿ ಆಗುವುದಿಲ್ಲ. ಕುಟುಂಬ ಪಿಂಚಣಿ ಮಂಜೂರಾಗಬೇಕು, ಖಾತೆ ಬದಲಾಗಬೇಕು, ನವೀಕರಣದ ಸಮಯದಲ್ಲಿ ಒಪ್ಪಿಗೆ ಕೊಡಬೇಕು, ಕಂತು ಕಡಿತವಾಗುವ ದಿನ ಖಾತೆಯಲ್ಲಿ ಹಣವಿರಬೇಕು. ಮಾತು ನಿಂತುಹೋದ, ಸಹಿ ಹಾಕಲಾಗದ, ಮೊಬೈಲ್‌ಗೆ ಬಂದ ಒಟಿಪಿ ಓದಲಾಗದ ವ್ಯಕ್ತಿ ಇದನ್ನೆಲ್ಲ ಮಾಡುವುದು ಹೇಗೆ? ಆ ಕೆಲವು ವಾರಗಳಲ್ಲಿ ನವೀಕರಣದ ಗಡುವು ಮುಗಿದರೆ ಹತ್ತು ವರ್ಷ ಕಟ್ಟಿದ ಪಾಲಿಸಿ ಕೈತಪ್ಪುತ್ತದೆ.

ಹಣದ ಕಟ್ಟುಪಾಡೂ ಬಿಗಿಯಾಗುತ್ತದೆ. ಬ್ಯಾಂಕ್ ನೌಕರರ ಕುಟುಂಬ ಪಿಂಚಣಿಗೆ 9,284 ರೂಪಾಯಿಯ ಗರಿಷ್ಠ ಮಿತಿ ಇತ್ತು. 2021ರಲ್ಲಿ ಅದನ್ನು ತೆಗೆದು ಕೊನೆಯ ವೇತನದ ಶೇ 30ಕ್ಕೆ ಏರಿಸಿದ್ದು ದೊಡ್ಡ ಸುಧಾರಣೆ. ಆದರೂ ಇಬ್ಬರಿದ್ದಾಗ ಬರುತ್ತಿದ್ದ ಪಿಂಚಣಿಗಿಂತ ಅದು ಕಡಿಮೆಯೇ, ಮತ್ತು ಈಗ ಆರೈಕೆಗೆ ಗಂಡ ಅಥವಾ ಹೆಂಡತಿಯ ಬದಲು ಸಂಬಳದ ಸಹಾಯಕರು ಬೇಕು.

ಸಹಿಯ ತೊಡಕಿಗೆ ಕಾನೂನಿನಲ್ಲಿ ಸರಳ ಪರಿಹಾರವಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೆಯ ಕಲಂ ಸೀಮಿತ ಪೋಷಕತ್ವಕ್ಕೆ ಅವಕಾಶ ಕೊಡುತ್ತದೆ. ಕೋಮಾದಂತಹ ಸ್ಥಿತಿಯಲ್ಲಿ ಸಂವಿಧಾನದ 226ನೆಯ ವಿಧಿಯಡಿ ಹೈಕೋರ್ಟ್‌ಗೆ ಹೋಗಿ ಪೋಷಕರ ನೇಮಕ ಪಡೆದ ಕುಟುಂಬಗಳಿವೆ. ವರ್ಷದ ಕಂತು ಕಟ್ಟಲು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಗುವುದು ಯಾವ ನ್ಯಾಯ? ಈಗಲೇ ಮಾಡಬಹುದಾದದ್ದೆಂದರೆ, ಇಬ್ಬರೂ ಇರುವಾಗಲೇ ಜಂಟಿ ಖಾತೆ, ಸಂಗಾತಿಯ ಹೆಸರಿನ ಕೆವೈಸಿ, ಅಂಗವೈಕಲ್ಯದ ಯುಡಿಐಡಿ ಕಾರ್ಡು, ಪಾಲಿಸಿಯ ಪ್ರತಿ ಇವಿಷ್ಟನ್ನು ಸಿದ್ಧಪಡಿಸಿಕೊಂಡು ನಂಬಿಕಸ್ಥರೊಬ್ಬರಿಗೆ ತಿಳಿಸಿಡುವುದು.

ಮುಂದೇನಾಗಬಹುದು?

ಈಗಿನಂತೆಯೇ ನಡೆದರೆ ಗುಂಪು ಕುಗ್ಗುತ್ತಾ ಹೋಗುತ್ತದೆ, ಉಳಿದವರ ಕಂತು ಏರುತ್ತಾ ಹೋಗುತ್ತದೆ. ಹಿರಿಯ ನಾಗರಿಕರ ಪಾಲಿಸಿಗಳ ಕಂತನ್ನು ತನ್ನೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದು ಎಂದು ಐಆರ್‌ಡಿಎಐ 2025ರ ಜನವರಿಯಲ್ಲಿ ಹೇಳಿತು. ನಿವೃತ್ತರ ಗುಂಪು ವಿಮೆಯ ಬೆಲೆಯಾದರೋ ವರ್ಷ ವರ್ಷವೂ ಮಾತುಕತೆಯಲ್ಲಿ ನಿಗದಿಯಾಗುವಂಥದ್ದು. ಈ ಗುಂಪುಗಳಿಗೂ ಅಂತಹದೇ ರಕ್ಷಣೆ ಸಿಗದಿದ್ದರೆ ಹೊರಗೆ ಹೋಗಲಾರದವರ ಮೇಲೆಯೇ ಏರಿಕೆಯ ಪೂರ್ತಿ ಭಾರ ಬೀಳುತ್ತದೆ.

ಜಿಎಸ್‌ಟಿ ವಿನಾಯಿತಿಯನ್ನು, ಸದಸ್ಯರೇ ಕಂತು ಕಟ್ಟುವ ನಿವೃತ್ತರ ಗುಂಪು ವಿಮೆಗೂ ವಿಸ್ತರಿಸಲು ಜಿಎಸ್‌ಟಿ ಮಂಡಳಿಯ ಒಂದು ನಿರ್ಧಾರ ಸಾಕು. ಆಯುಷ್ಮಾನ್ ಯೋಜನೆಯಲ್ಲಿ 70 ದಾಟಿದವರ ಅಂಗವಿಕಲ ಸಂಗಾತಿಗೆ ವಯಸ್ಸಿನ ಸಡಿಲಿಕೆ ಕೊಡುವುದು ಕೇಂದ್ರದ ಕೈಯಲ್ಲಿದೆ. ಎರಡು ಗುಂಪುಗಳನ್ನು ಒಂದಾಗಿಸುವುದಕ್ಕೆ ಮುಂದಿನ ದ್ವಿಪಕ್ಷೀಯ ಒಪ್ಪಂದದವರೆಗೆ ಕಾಯಬೇಕಾಗಬಹುದು.

ಅಷ್ಟು ಕಾಯಬೇಕಿಲ್ಲದ ಕೆಲಸಗಳೂ ಇವೆ. ಪ್ರಮಾಣಪತ್ರ ಹೊಂದಿದ ಅಂಗವಿಕಲ ಸದಸ್ಯರಿಗೆ ಕೋಣೆ ಬಾಡಿಗೆಯ ಪ್ರಮಾಣಾನುಗುಣ ಕಡಿತ ಬೇಡ ಎಂಬ ಷರತ್ತು. 68 ವಸ್ತುಗಳ ಪಟ್ಟಿಯಿಂದ ಗಾಳಿಹಾಸಿಗೆ, ಡೈಪರ್, ಸಹಾಯಕರ ಶುಲ್ಕಕ್ಕೆ ವಿನಾಯಿತಿ. ಪಿಂಚಣಿದಾರರು ತೀರಿಕೊಂಡ ವರ್ಷ ಅಂಗವಿಕಲ ಸಂಗಾತಿಯ ಪಾಲಿಸಿ ತಾನಾಗಿ ನವೀಕರಣಗೊಂಡು, ಕಂತು ಕುಟುಂಬ ಪಿಂಚಣಿಯ ಬಾಕಿಯಿಂದ ಕಡಿತವಾಗುವ ವ್ಯವಸ್ಥೆ. ಈ ಮೂರನ್ನೂ ಮುಂದಿನ ನವೀಕರಣದ ಮಾತುಕತೆಯಲ್ಲೇ ಐಬಿಎ ವಿಮಾ ಕಂಪನಿಯ ಮುಂದಿಡಬಹುದು. ಇದಕ್ಕೆ ಸಂಸತ್ತಿನ ತಿದ್ದುಪಡಿಯಾಗಲಿ ಹೊಸ ನಿಯಮವಾಗಲಿ ಬೇಕಿಲ್ಲ, ಪಾಲಿಸಿಯ ಕರಡಿನಲ್ಲಿ ಮೂರು ಷರತ್ತುಗಳನ್ನು ಸೇರಿಸಿದರಾಯಿತು.